ಆಫೀಸಿನಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರೂ ಮಲಗುವುದು ಯಾಕೆ? ಗಾಳಿಯ ಬಗ್ಗೆ ಯಾರನ್ನು, ಏನು ಕೇಳಬೇಕು?

ನೀವು ಕೇಳಿದ್ದು ಇದು: ಆಫೀಸಿನಲ್ಲಿ ಒಬ್ಬರಿಗೆ ಕೆಮ್ಮು, ಜ್ವರ ಶುರುವಾದರೆ ವಾರದೊಳಗೆ ಅರ್ಧ ಜನ ರಜೆ ಹಾಕುತ್ತಾರೆ. ಬಾಗಿಲಲ್ಲಿ ಸ್ಯಾನಿಟೈಸರ್ ಇದೆ, ದಿನಾ ಮೇಜು ಒರೆಸುತ್ತಾರೆ, ಹೊಸ ಎಸಿ ಕೂಡ ಬಂದಿದೆ. ಆದರೂ ಯಾಕೆ ಹೀಗೆ? ಗಾಳಿಯ ಬಗ್ಗೆ ಕೇಳಿದರೆ ಯಾರೂ ಸರಿಯಾಗಿ ಉತ್ತರ ಕೊಡುವುದಿಲ್ಲ, ಏನು ಮಾಡಲಿ?

ಇದನ್ನು ಓದಿದಾಗ ನನ್ನದೇ ಕಥೆ ಓದಿದ ಹಾಗಾಯಿತು. ನಾನು ದೊಡ್ಡವರಿಗೆ ಸಂಜೆ ತರಗತಿ ನಡೆಸುವವಳು. ಒಂದು ಹಾಲ್, 30 ಜನ, ಗೋಡೆಯ ಮೇಲೆ ಎರಡು ಎಸಿ, ಮುಚ್ಚಿದ ಕಿಟಕಿ. ಒಂದು ಸಲ ಒಬ್ಬ ಹುಡುಗ ಕೆಮ್ಮುತ್ತಲೇ ಪಾಠ ಕೇಳಿದ. ಆ ವಾರ 14 ಜನ ಬರಲಿಲ್ಲ. ನನಗೂ ಬಂತು. ನನ್ನಿಂದ ಮನೆಯಲ್ಲಿ ಅಪ್ಪನಿಗೆ ಬಂತು. ಅವರ ಶ್ವಾಸಕೋಶ ಮೊದಲೇ ದುರ್ಬಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆ ಒಂಬತ್ತು ದಿನ ಹಾಸಿಗೆಯ ಪಕ್ಕ ಕೂತು ನಾನು ಓದಿದ್ದೆಲ್ಲ ಗಾಳಿಯ ಬಗ್ಗೆಯೇ.

ಮೊದಲು ಕಾರಣ ಹೇಳುತ್ತೇನೆ. ಯಾರಾದರೂ ಕೋಣೆಯಲ್ಲಿ ಸಿಗರೇಟು ಸೇದಿ ಎದ್ದು ಹೋದರೆ, ಆಮೇಲೆ ಒಳಗೆ ಬಂದವರಿಗೂ ವಾಸನೆ ಬಡಿಯುತ್ತದೆ ಅಲ್ವಾ? ಉಸಿರೂ ಹಾಗೆಯೇ. ನಾವು ಕೆಮ್ಮುವಾಗ ಮಾತ್ರವಲ್ಲ, ಮಾತಾಡುವಾಗ, ಹಾಡುವಾಗ, ಸುಮ್ನೆ ಕೂತು ಉಸಿರು ಬಿಡುವಾಗಲೂ ಸಣ್ಣ ಹನಿಗಳು ಹೊರಗೆ ಬರುತ್ತವೆ. ದೊಡ್ಡವು ಬೇಗ ನೆಲ ಸೇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು ಹೊಗೆಯ ಹಾಗೆ ತೇಲಿಕೊಂಡೇ ಇರುತ್ತವೆ. ದಡಾರ ಬಂದವರು ಕೋಣೆ ಬಿಟ್ಟು ಹೋದ ಮೇಲೂ ಅದರ ವೈರಸ್ 2 ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಹುದು. ಕ್ಷಯ ಹರಡುವುದು ಗಾಳಿಯಲ್ಲೇ. ಕೋವಿಡ್ ಕೂಡ ಹಾಗೆಯೇ ಹರಡುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನ, ಸುಮಾರು ಎರಡೂವರೆ ಗಂಟೆ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು, ನಿಮ್ಮ ಆಫೀಸಿನ ಹಾಗೆಯೇ. ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು. ಅವರನ್ನೂ ಸೇರಿಸಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅವರು ಹಾಡಲಿಕ್ಕೆ ಬಂದಿದ್ದರು, ಅಷ್ಟೇ. ಈ ಘಟನೆ ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಇನ್ನು ನಿಮ್ಮ ಹೊಸ ಎಸಿ. ಗೋಡೆಗೆ ಹಾಕುವ ಮಾಮೂಲಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಅದರ ಜಾಲರಿ ದೂಳು ಹಿಡಿಯುತ್ತದೆ, ಈ ಸಣ್ಣ ಹನಿಗಳನ್ನು ಹಿಡಿಯುವಷ್ಟು ಬಿಗಿಯಲ್ಲ. ತಂಪು ಹೊರಗೆ ಹೋಗಬಾರದು ಅಂತ ಕಿಟಕಿಯನ್ನೂ ಮುಚ್ಚುತ್ತೇವೆ. ಹಾಗಾಗಿ ಎಸಿ ಬಂದ ಮೇಲೆ ಕಾಯಿಲೆ ಜಾಸ್ತಿಯಾಯಿತು ಅಂತ ನಿಮಗೆ ಅನಿಸಿದ್ದರೆ ಅದು ಭ್ರಮೆ ಅಂತ ನಾನು ಹೇಳುವುದಿಲ್ಲ. ದೊಡ್ಡ ಕಟ್ಟಡಗಳ ಸೆಂಟ್ರಲ್ ಎಸಿಯಲ್ಲಿ ಹೊರಗಾಳಿ ತರುವ ದಾರಿ ಸಾಮಾನ್ಯವಾಗಿ ಇರುತ್ತದೆ. ಆದರೆ ಕರೆಂಟು ಉಳಿಸಲು ಅದನ್ನು ಮುಕ್ಕಾಲು ಮುಚ್ಚಿಟ್ಟಿರುವುದೂ ಉಂಟು.

ಅಪ್ಪ ಮನೆಗೆ ಬಂದ ಮೇಲೆ ನಾನು ಸ್ನೇಹಿತರಿಂದ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದೆ. ಅಂಗೈ ಅಗಲದ ಪೆಟ್ಟಿಗೆ. ಇದು ವೈರಸ್ ಅಳೆಯುವುದಿಲ್ಲ. ಎಲ್ಲರೂ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ತುಂಬಿಕೊಂಡಿದೆ ಎಂದು ತೋರಿಸುತ್ತದೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಪಾಲು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಹಾಗಾಗಿ ಒಳಗಿನ ಅಂಕಿ ಏರಿದಷ್ಟೂ ನಾವು ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದೇವೆ ಎಂದರ್ಥ. ಪಾಠ ಶುರುವಾಗಿ ಒಂದು ಗಂಟೆಗೆ ನಮ್ಮ ಹಾಲಿನಲ್ಲಿ ಅದು 2,300 ತೋರಿಸಿತು. ಲೆಕ್ಕ ಹಾಕಿದೆ. ನಾವು ಎಳೆಯುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು! ಎರಡೂ ಬದಿಯ ಕಿಟಕಿ ಸ್ವಲ್ಪ ಸ್ವಲ್ಪ ತೆರೆದೆ, ಬಾಗಿಲನ್ನೂ ತೆರೆದಿಟ್ಟೆ. ಕಾಲು ಗಂಟೆಯಲ್ಲಿ ಅಂಕಿ 900ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲ.

ನನ್ನ ಮಟ್ಟಿಗೆ 800ರ ಒಳಗಿದ್ದರೆ ಒಳ್ಳೆಯದು, 1,000 ದಾಟಿದರೆ ಏನಾದರೂ ಮಾಡಬೇಕು. ಮೀಟರ್ ತರುವಾಗ ಎನ್‌ಡಿಐಆರ್ ಸೆನ್ಸರ್ (ಈ ಅನಿಲವನ್ನೇ ನೇರವಾಗಿ ಅಳೆಯುವಂಥದ್ದು) ಇದೆಯಾ ಎಂದು ನೋಡಿ. ಅಗ್ಗದ ಕೆಲವು ಮೀಟರ್‌ಗಳು ಬೇರೇನನ್ನೋ ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ.

ಗಾಳಿ ಎಷ್ಟು ಬೇಗ ಬದಲಾಗುತ್ತದೆ ಎನ್ನುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಕೋಣೆಯಷ್ಟೇ ಗಾತ್ರದ ಶುದ್ಧ ಗಾಳಿ ಗಂಟೆಗೆ 2 ಸಲ ಬಂದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೋಗಲು 138 ನಿಮಿಷ ಬೇಕು. 6 ಸಲ ಬಂದರೆ 46 ನಿಮಿಷ ಸಾಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ, ಗಂಟೆಗೆ ಕನಿಷ್ಠ 5 ಸಲದ ಗುರಿ ಇಟ್ಟುಕೊಳ್ಳಿ ಎಂದು ಹೇಳಿತು. ಇದರಲ್ಲಿ ಕಿಟಕಿಯ ಗಾಳಿಯೂ ಲೆಕ್ಕಕ್ಕೆ ಬರುತ್ತದೆ, ಫಿಲ್ಟರ್‌ನಲ್ಲಿ ಸೋಸಿದ ಗಾಳಿಯೂ ಬರುತ್ತದೆ.

ಹೊರಗೆ ಹೊಗೆ, ದೂಳು ಇದ್ದು ಕಿಟಕಿ ತೆರೆಯಲು ಆಗದಿದ್ದರೆ ಹೆಪಾ ಫಿಲ್ಟರಿನ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್) ಏರ್ ಪ್ಯೂರಿಫೈಯರ್ ಇಡಿ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಎಂದರೆ 144 ಘನ ಮೀಟರ್. ಅದನ್ನು 5ರಿಂದ ಗುಣಿಸಿ, 720. ಗಂಟೆಗೆ ಅಷ್ಟು ಘನ ಮೀಟರ್ ಗಾಳಿ ಸೋಸುವ ಯಂತ್ರ ಬೇಕು. ಒಂದು ಅನುಭವದ ಮಾತು: ಒಂದೇ ಯಂತ್ರವನ್ನು ಜೋರಾಗಿ ಓಡಿಸಿದರೆ ಸದ್ದಿಗೆ ಬೇಸತ್ತು ಯಾರಾದರೂ ಆಫ್ ಮಾಡಿಬಿಡುತ್ತಾರೆ. ಎರಡು ಮೂರು ಯಂತ್ರ ಇಟ್ಟು ನಿಧಾನಕ್ಕೆ ಓಡಿಸಿ. ಪ್ಯೂರಿಫೈಯರ್ ಕಾರ್ಬನ್ ಡೈಆಕ್ಸೈಡ್ ತೆಗೆಯುವುದಿಲ್ಲ, ಹಾಗಾಗಿ ಮೀಟರ್ ಇಳಿಯಲಿಲ್ಲ ಎಂದು ಗಾಬರಿ ಬೇಡ. ಓಝೋನ್ ಬಿಡುವ ಯಂತ್ರ ಮಾತ್ರ ಖಂಡಿತ ಬೇಡ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿ ಸರಿಯಾಗುವವರೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ನಿಮ್ಮ ಕೈಯಲ್ಲೇ ಇದೆ.

ಈಗ ಆ ಉತ್ತರ ಸಿಗದ ಪ್ರಶ್ನೆಗೆ ಬರೋಣ. ನಮ್ಮಲ್ಲಿ 2,300 ತೋರಿಸಿದ ದಿನ ಆಡಳಿತದವರು ನನ್ನನ್ನು ಕರೆದು, ಆ ಮೀಟರ್ ಒಳಗಿಡಿ, ಸುಮ್ನೆ ಜನ ಹೆದರುತ್ತಾರೆ ಎಂದರು. ನನಗೆ ತುಂಬಾ ಸಿಟ್ಟು ಬಂತು. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹೆದರಿದ್ದು ಯಾರು? ಕುಡಿಯುವ ನೀರು ಕೆಟ್ಟಿದೆ ಎಂದು ಗೊತ್ತಿದ್ದೂ ಹೇಳದಿದ್ದರೆ ಯಾರೂ ಒಪ್ಪುವುದಿಲ್ಲ. ಗಾಳಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಮುಚ್ಚಿಡದೆ, ತಪ್ಪಾದರೆ ಬೇಗ ತಿದ್ದಿಕೊಳ್ಳುವುದು ಜೀವ ಉಳಿಸುವ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ಖಚಿತವಾಗಿ ಹೇಳಿತ್ತು. ಆ ಜುಲೈನಲ್ಲಿ 239 ವಿಜ್ಞಾನಿಗಳು, ಗಾಳಿಯ ಮೂಲಕ ಹರಡುವುದನ್ನು ಒಪ್ಪಿಕೊಳ್ಳಿ ಎಂದು ಬಹಿರಂಗವಾಗಿ ಒತ್ತಾಯಿಸಿದರು. ಆ ಸಂಸ್ಥೆ ಪೂರ್ತಿ ದಾರಿಗೆ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಜಗತ್ತಿನ ತುಂಬ ಜನ ಕಿಟಕಿ ಮುಚ್ಚಿಕೊಂಡು ಬಾಗಿಲ ಹಿಡಿ ಒರೆಸುತ್ತಿದ್ದರು. ಇನ್ನೊಂದು ಕಡೆ ಬೆಲ್ಜಿಯಂ 2022ರಲ್ಲಿ ಜನ ಸೇರುವ ಒಳಾಂಗಣಗಳ ಗಾಳಿಗೆಂದೇ ಕಾನೂನು ಮಾಡಿತು. ಬಂದವರಿಗೆ ಕಾಣುವ ಹಾಗೆ ಮೀಟರ್ ಇಡಬೇಕು ಎನ್ನುವುದು ಆಗ ಅದರಲ್ಲಿತ್ತು. ನನಗೆ ಬಹಳ ಇಷ್ಟವಾದದ್ದು ಆ ಒಂದು ಮಾತು, ಕಾಣುವ ಹಾಗೆ.

ನೀವು ಮೈಂಟೆನೆನ್ಸ್‌ನವರ ಹತ್ತಿರ ಹೋಗಿ 'ಗಾಳಿ ಚೆನ್ನಾಗಿದೆಯಾ' ಎಂದು ಕೇಳಬೇಡಿ, ಹೌದು ಎಂದು ಬಿಡುತ್ತಾರೆ. ಉತ್ತರದಲ್ಲಿ ಅಂಕಿ ಅಥವಾ ತಾರೀಖು ಬರುವಂಥ ಪ್ರಶ್ನೆ ಕೇಳಿ. ಹೊರಗಿನ ಗಾಳಿ ಈ ಕೋಣೆಗೆ ಎಲ್ಲಿಂದ ಬರುತ್ತದೆ, ತಲೆಗೆ ಸೆಕೆಂಡಿಗೆ ಎಷ್ಟು ಲೀಟರ್? (ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 10.) ಫಿಲ್ಟರ್ ಯಾವ ದರ್ಜೆಯದು, ಕೊನೆಗೆ ಬದಲಾಯಿಸಿದ್ದು ಯಾವತ್ತು? ಆಮೇಲೆ ಎಚ್‌ಆರ್‌ನವರನ್ನು ಕೇಳಿ: ಯಾರಿಗಾದರೂ ಸೋಂಕು ತಗುಲಿದರೆ ಹೆಸರು ಹೇಳದೆ, ಅದೇ ದಿನ, ಜೊತೆಗೆ ಕೂತವರಿಗೆ ತಿಳಿಸುತ್ತೀರಾ? ಕಾಯಿಲೆ ಬಂದವರಿಗೆ ಸಂಬಳ ಕತ್ತರಿಸದೆ ರಜೆ ಕೊಡುತ್ತೀರಾ? ಈ ಕೊನೆಯದನ್ನು ಬಿಡಲೇಬೇಡಿ. ರಜೆ ಸಿಗದವರು ಕೆಮ್ಮು ನುಂಗಿಕೊಂಡು ಕೆಲಸಕ್ಕೆ ಬರುತ್ತಾರೆ, ಅವರನ್ನು ದೂರಿ ಏನು ಪ್ರಯೋಜನ? ಎಲ್ಲವನ್ನೂ ಈಮೇಲ್‌ನಲ್ಲೇ ಕೇಳಿ, ಮೂರ್ನಾಲ್ಕು ಜನ ಸೇರಿ ಕೇಳಿ. ಒಬ್ಬರೇ ಕೇಳಿದರೆ ತಕರಾರು ಎನ್ನುತ್ತಾರೆ.

ನಮ್ಮಲ್ಲಿ ಎರಡು ತಿಂಗಳು ಹಿಡಿಯಿತು. ಈಗ ಮೀಟರ್ ಬೋರ್ಡಿನ ಪಕ್ಕದಲ್ಲೇ ಇದೆ. ಯಾರೂ ಹೆದರಲಿಲ್ಲ. 1,000 ದಾಟಿದರೆ ನಾನು ಹೇಳುವ ಮೊದಲೇ ಹಿಂದಿನ ಸಾಲಿನವರು ಎದ್ದು ಕಿಟಕಿ ತೆರೆಯುತ್ತಾರೆ. ಕೆಮ್ಮು ಬಂದವರು ಫೋನ್ ಮಾಡಿ ತಾವೇ ತಿಳಿಸುತ್ತಾರೆ, ನಾನು ಪಾಠ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ನೆಗಡಿ ಬರುತ್ತದೆ, ಆದರೆ ಅರ್ಧ ಹಾಲ್ ಖಾಲಿಯಾದ ವಾರ ಮತ್ತೆ ಬಂದಿಲ್ಲ.

ನಿಮ್ಮ ಮೀಟಿಂಗ್ ರೂಮಿನಿಂದಲೇ ಶುರು ಮಾಡಿ, ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಕೆಟ್ಟದಾಗಿರುತ್ತದೆ. ಒಂದು ಗಂಟೆ ಮೀಟಿಂಗ್ ಆದ ಮೇಲೆ ಮೀಟರ್ ಎಷ್ಟು ತೋರಿಸಿತು, ಕೋಣೆಯ ಅಳತೆ ಎಷ್ಟು, ಎಷ್ಟು ಜನ ಇದ್ದರು ಎಂದು ಕೆಳಗೆ ಬರೆಯಿರಿ. ಎಷ್ಟು ಗಾಳಿ ಬೇಕು ಎಂದು ಒಟ್ಟಿಗೇ ಲೆಕ್ಕ ಹಾಕೋಣ.