ಫಾರಂ ಕೋಳಿ ಇಷ್ಟು ಅಗ್ಗ ಹೇಗೆ? ಉಳಿದ ಖರ್ಚು ಯಾರ ತಲೆಗೆ?

ಅಂಗಡಿ ಬೋರ್ಡಿನ ರೇಟಿನಲ್ಲಿ ಕಾಣದ ಖರ್ಚು ದಾವಣಗೆರೆ, ಚಿತ್ರದುರ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣುತ್ತದೆ. ಎರಡು ಕೆಜಿ ತೂಗುವ ಬ್ರಾಯ್ಲರ್ ಅಷ್ಟು ಬೆಳೆಯಲು ಮೂರು, ಮೂರೂವರೆ ಕೆಜಿ ಫೀಡ್ ತಿನ್ನುತ್ತದೆ. ಅದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಉಳಿದದ್ದರಲ್ಲಿ ಸೋಯಾ ಹಿಂಡಿಯದೇ ದೊಡ್ಡ ಪಾಲು.

ಮೆಕ್ಕೆಜೋಳ ಹೊಟ್ಟೆಬಾಕ ಬೆಳೆ, ಸಾರಜನಕದ ಗೊಬ್ಬರ ಜಾಸ್ತಿ ಬೇಡುತ್ತದೆ. 45 ಕೆಜಿ ಯೂರಿಯಾ ಚೀಲ ರೈತರಿಗೆ 266.50 ರೂಪಾಯಿಗೆ ಸಿಗುವುದು ಸಬ್ಸಿಡಿಯಿಂದ. ಕೋಳಿ ತಿನ್ನದವರ ತೆರಿಗೆಯೂ ಅದರಲ್ಲಿದೆ. ಚೀಲದಲ್ಲಿರುವ ಸಾರಜನಕ 20.7 ಕೆಜಿ. ಮೇಲೆ ಎರಚಿ ಮಣ್ಣು ಮುಚ್ಚದೆ ಬಿಟ್ಟರೆ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಜೋರು ಮಳೆ ಬಂದರೆ ಇನ್ನೊಂದಷ್ಟು ನೈಟ್ರೇಟ್ ಆಗಿ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ಹೋಗುತ್ತದೆ ಅನ್ನುವುದು ತಪ್ಪು: ನೀರು ಆವಿಯಾಗಿ ನೈಟ್ರೇಟ್ ಪ್ರಮಾಣ ಇನ್ನೂ ಏರುತ್ತದೆ. ನೀರು ಸೋಸುವ ಆರ್‌ಒ ಯಂತ್ರ ಬೇಕು, ಅದರ ಖರ್ಚು ಊರಿನವರದ್ದು.

ಯೂರಿಯಾವನ್ನು ಎರಡು-ಮೂರು ಕಂತು ಮಾಡಿ, ಮಣ್ಣು ಹಸಿ ಇರುವಾಗ ಸಾಲಿನ ಪಕ್ಕ ಸುಮಾರು 5 ಸೆಂ.ಮೀ. ಆಳಕ್ಕೆ ಕೊಟ್ಟು ಮುಚ್ಚಿದರೆ ನಷ್ಟ ಬಹಳ ತಗ್ಗುತ್ತದೆ. ಆದರೆ ಕೂಲಿ ಹೆಚ್ಚು, ಚೀಲ ಅಗ್ಗ. ಹಾಗಾಗಿ ಎರಚುವವರೇ ಜಾಸ್ತಿ.