ಓದುಗರು ಕೇಳಿದ್ದು: ಒಂಬತ್ತು ಪೌಂಡಿನ ಅಂಗಿ ಮತ್ತು ಚೀನಾದ ಇಂಗ್ಲಿಷ್ ಪರೀಕ್ಷೆ

ಚೀನಾದಲ್ಲಿ ಹೈಸ್ಕೂಲು ಮುಗಿಸಿದವರು ಕಾಲೇಜಿಗೆ ಸೇರಲು ಬರೆಯುವ ಪರೀಕ್ಷೆಯ ಹೆಸರು ಗಾವೋಕಾವೋ. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಇದರ ಇಂಗ್ಲಿಷ್ ಪತ್ರಿಕೆಯ ಬಗ್ಗೆ ಬಂದ ಪತ್ರಗಳಲ್ಲಿ ಕೇಳುವ ಮತ್ತು ಓದುವ ಭಾಗಕ್ಕೆ ಸೇರಿದವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಅಷ್ಟೊಂದು ಮಕ್ಕಳಿಗೆ ಇಂಗ್ಲಿಷ್ ಕೇಳಿಸಿ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ಅಂಕಕ್ಕೆ? ನಮ್ಮ ಬೋರ್ಡ್ ಪ್ರಶ್ನೆಪತ್ರಿಕೆಯಲ್ಲಿ ಕೇಳುವ ಭಾಗವೇ ಇಲ್ಲವಲ್ಲ, ಅದಕ್ಕೇ ಕುತೂಹಲ.
— ಪಿಯು ಉಪನ್ಯಾಸಕಿ, ದಾವಣಗೆರೆ

ಇಂಗ್ಲಿಷಿಗೆ ಒಟ್ಟು 150 ಅಂಕ, 120 ನಿಮಿಷ. ಜೂನ್ 8ರ ಮಧ್ಯಾಹ್ನ 3ರಿಂದ 5ರವರೆಗೆ ನಡೆಯುತ್ತದೆ. ಹೆಚ್ಚಿನ ಪ್ರಾಂತಗಳಲ್ಲಿ ಈಗ ಬಳಕೆಯಲ್ಲಿರುವ ಮಾದರಿಯಲ್ಲಿ ಕೇಳುವುದಕ್ಕೆ 30, ಓದುವುದಕ್ಕೆ 50, ಬಿಟ್ಟ ಪದ ತುಂಬುವುದಕ್ಕೆ 30, ಬರೆಯುವುದಕ್ಕೆ 40. ಕೇಳುವ ಭಾಗ ಮೊದಲೇ ಬರುತ್ತದೆ, ಸುಮಾರು 20 ನಿಮಿಷ. ಅದಕ್ಕೇ ಬೇರೆ ವಿಷಯಗಳಲ್ಲಿ ಸ್ವಲ್ಪ ತಡವಾಗಿ ಬಂದವರನ್ನು ಒಳಗೆ ಬಿಟ್ಟರೂ ಇಂಗ್ಲಿಷಿನ ದಿನ 2:45ಕ್ಕೆ ಬಾಗಿಲು ಮುಚ್ಚುತ್ತಾರೆ.

ಪ್ರಶ್ನೆಗಳು 20, ತಲಾ ಒಂದೂವರೆ ಅಂಕ, ಪ್ರತಿಯೊಂದಕ್ಕೂ ಮೂರು ಆಯ್ಕೆ. ಮೊದಲ ಐದು ಪ್ರಶ್ನೆಗಳಿಗೆ ಐದು ಚುಟುಕು ಸಂಭಾಷಣೆ. ಒಂದೊಂದನ್ನೂ ಒಂದೇ ಸಲ ಕೇಳಿಸುತ್ತಾರೆ. ಮುಗಿದ ಮೇಲೆ 10 ಸೆಕೆಂಡು ಸಿಗುತ್ತದೆ. ಉತ್ತರ ಗುರುತಿಸುವುದೂ ಮುಂದಿನ ಪ್ರಶ್ನೆ ಓದುವುದೂ ಅದರಲ್ಲೇ ಆಗಬೇಕು. 6ರಿಂದ 20ರವರೆಗಿನ ಪ್ರಶ್ನೆಗಳಿಗೆ ಐದು ಉದ್ದದ ತುಣುಕು, ಒಂದೊಂದು ಎರಡು ಸಲ. ಇಲ್ಲಿ ಪ್ರಶ್ನೆಗೆ 5 ಸೆಕೆಂಡಿನಂತೆ ಮೊದಲೇ ಓದಿಕೊಳ್ಳಲು ಬಿಡುತ್ತಾರೆ, ಆಮೇಲೆ ಉತ್ತರಿಸಲು ಮತ್ತೆ 5 ಸೆಕೆಂಡು. ಉತ್ತರವನ್ನು ಮೊದಲು ಪ್ರಶ್ನೆಪತ್ರಿಕೆಯಲ್ಲೇ ಗುರುತು ಮಾಡಿಕೊಳ್ಳಬೇಕು. ಧ್ವನಿ ನಿಂತ ಮೇಲೆ 2 ನಿಮಿಷ ಕೊಡುತ್ತಾರೆ, ಆಗ 2ಬಿ ಪೆನ್ಸಿಲಿನಲ್ಲಿ ಉತ್ತರಹಾಳೆಯ ಚೌಕಗಳನ್ನು ತುಂಬುವುದು. ಗಡಿಬಿಡಿಯಲ್ಲಿ ಒಂದು ಸಾಲು ಜಾರಿತೋ, ಅಲ್ಲಿಂದ ಕೆಳಗಿನದೆಲ್ಲ ಜಾರಿದಂತೆ.

ಶುರುವಿಗೆ ಒಂದು ಮಾದರಿ ಪ್ರಶ್ನೆ ಇರುತ್ತದೆ: ಅಂಗಿಯ ಬೆಲೆ ಎಷ್ಟು? ಎ) 19.15 ಪೌಂಡ್, ಬಿ) 9.18 ಪೌಂಡ್, ಸಿ) 9.15 ಪೌಂಡ್. ಉತ್ತರ ಸಿ ಎಂದು ಅಲ್ಲೇ ಅಚ್ಚಾಗಿದೆ. ವರ್ಷಗಳಿಂದ ಅದೇ ಅಂಗಿ, ಅದೇ ಬೆಲೆ. ಚೀನಾದ ಹುಡುಗರ ನಡುವೆ ಅದೊಂದು ಹಳೆಯ ತಮಾಷೆಯಾಗಿಬಿಟ್ಟಿದೆ. ತಮಾಷೆ ಬದಿಗಿರಲಿ, ಆ ಮೂರು ಆಯ್ಕೆಗಳನ್ನು ಜೋಡಿಸಿದ ರೀತಿ ನೋಡಿ. 'ನೈನ್'ಗೂ 'ನೈಂಟೀನ್'ಗೂ ಗೊಂದಲವಾದವರು ಎ ಹಿಡಿಯುತ್ತಾರೆ, 'ಫಿಫ್ಟೀನ್', 'ಎಯ್ಟೀನ್' ಬೇರೆಯಾಗಿ ಕೇಳದವರು ಬಿ ಹಿಡಿಯುತ್ತಾರೆ. ತಪ್ಪು ಆಯ್ಕೆಗೂ ಒಂದು ಕಾರಣ ಇರಬೇಕು ಎನ್ನುವುದು ಇದೇ.

ದೇಶಕ್ಕೆಲ್ಲ ಒಂದೇ ಪದ್ಧತಿ ಎಂದುಕೊಳ್ಳಬೇಡಿ. ಬೀಜಿಂಗ್‌ನಲ್ಲಿ ಕೇಳುವುದೂ ಮಾತಾಡುವುದೂ ಸೇರಿ 50 ಅಂಕದ ಕಂಪ್ಯೂಟರ್ ಪರೀಕ್ಷೆಯಿದೆ. ಗ್ವಾಂಗ್‌ಡಾಂಗ್‌ನಲ್ಲೂ ಕಂಪ್ಯೂಟರಿನ ಮುಂದೆ ಕೂತು ಕೇಳಿ, ಮಾತಾಡಿ ತೋರಿಸಬೇಕು.

ಪುಟಗಟ್ಟಲೆ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಚೀನೀ ವಿದ್ಯಾರ್ಥಿಗಳು ಅದನ್ನೇ ಕೇಳಿದಾಗ ತಡವರಿಸುತ್ತಾರೆ. ಏಕೆ?
— ಭಾಷಾವಿಜ್ಞಾನದ ವಿದ್ಯಾರ್ಥಿ, ಮೈಸೂರು

ಪಠ್ಯಕ್ರಮದ ಲೆಕ್ಕದಲ್ಲಿ ಅವರಿಗೆ 3000 ಪದದ ಆಸುಪಾಸು ಗೊತ್ತಿರಬೇಕು. ಗೊತ್ತಿರುತ್ತದೆ ಕೂಡ, ಕಣ್ಣಿಗೆ. ಕಿವಿಯ ಕತೆ ಬೇರೆ. ಮ್ಯಾಂಡರಿನ್‌ನಲ್ಲಿ ಅಕ್ಷರಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ 'ನ್', 'ಙ್', ಅಪರೂಪಕ್ಕೆ 'ರ್' ಹತ್ತಿಸಿಕೊಂಡು. ಆದ್ದರಿಂದ 'ಕೋಲ್ಡ್' ಎಂಬ ಪದದ ಕೊನೆಯ 'ಡ್' ಕಡೆ ಕಿವಿ ಹೋಗುವುದೇ ಇಲ್ಲ. ನಾವಾದರೆ ಬಸ್ಸು, ಬುಕ್ಕು ಎಂದು ಕೊನೆಗೊಂದು ಸ್ವರ ಅಂಟಿಸಿ ವ್ಯಂಜನವನ್ನು ಉಳಿಸಿಕೊಳ್ಳುತ್ತೇವೆ. ಅವರಲ್ಲಿ ಅನೇಕರಿಗೆ ಅದು ಉದುರಿಯೇ ಹೋಗುತ್ತದೆ. 'ವಾಕ್', 'ವಾಕ್ಡ್' ಒಂದೇ ಆಗಿ ಕೇಳಿ ನಿನ್ನೆ ನಡೆದದ್ದು ಇವತ್ತಿಗೆ ಬರುತ್ತದೆ. ಮ್ಯಾಂಡರಿನ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ ಆ ವ್ಯತ್ಯಾಸಕ್ಕೆ ಕಾಯುವ ರೂಢಿಯೂ ಇಲ್ಲ.

ಅವನು, ಅವಳು ಎರಡಕ್ಕೂ ಮಾತಿನಲ್ಲಿ 'ತಾ' ಒಂದೇ, ಬರೆಯುವಾಗ ಮಾತ್ರ ಲಿಪಿ ಬೇರೆ. ಹಾಗಾಗಿ 'ಪುಸ್ತಕ ಯಾರು ತರುತ್ತಾರೆ' ಎಂಬಂಥ ಪ್ರಶ್ನೆಯಲ್ಲಿ 'ಹಿ', 'ಶಿ' ಅದಲುಬದಲಾಗುತ್ತದೆ. ಕನ್ನಡದ ಮಕ್ಕಳಿಗೆ ಈ ತೊಂದರೆ ಇಲ್ಲ. ಸಂಖ್ಯೆಯ ತೊಂದರೆಯಲ್ಲಿ ಮಾತ್ರ ನಾವು ಅವರ ಜೊತೆಗಾರರು: ಅವರು ಹತ್ತು ಸಾವಿರವನ್ನು ಒಂದು 'ವಾನ್' ಎಂದು ಎಣಿಸುತ್ತಾರೆ. 'ಥರ್ಟಿ ಫೈವ್ ಥೌಸಂಡ್' ಕೇಳಿದ ತಕ್ಷಣ ಮನಸ್ಸಿನಲ್ಲಿ ಅದು ಮೂರೂವರೆ ವಾನ್ ಆಗಬೇಕು. 'ಟೂ ಹಂಡ್ರೆಡ್ ಥೌಸಂಡ್' ಎಂದರೆ ನಾವು ಎರಡು ಲಕ್ಷ ಎಂದು ತಿರುಗಿಸಿಕೊಳ್ಳುವುದಿಲ್ಲವೇ, ಹಾಗೆ. ಅಷ್ಟರಲ್ಲಿ ಮುಂದಿನ ವಾಕ್ಯ ಮುಗಿದಿರುತ್ತದೆ. ಇನ್ನು ಹುನಾನ್, ಸಿಚುವಾನ್ ಕಡೆಯ ಹಲವು ಆಡುನುಡಿಗಳಲ್ಲಿ ನಕಾರ ಲಕಾರ ಬೆರೆತಿರುವುದರಿಂದ 'ನೈಟ್', 'ಲೈಟ್' ಕೂಡ ತೊಡಕೇ.

ತಪ್ಪು ಎಲ್ಲಿ ಆಯಿತೆಂದು ಹುಡುಕದೆ 'ಇನ್ನಷ್ಟು ಕೇಳಿ' ಎನ್ನುವುದು ಕೆಲಸಕ್ಕೆ ಬಾರದ ಸಲಹೆ. ಹುಡುಕುವುದು ಹೀಗೆ. ತಪ್ಪಾದ ತುಣುಕಿನ ಬರಹವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ಅದೇ ಪ್ರಶ್ನೆ ಕೇಳಿ. ಓದಿ ಸರಿ ಹೇಳಿದರೆ ದೋಷ ಕಿವಿಯದ್ದು: ಆ ಒಂದು ವಾಕ್ಯವನ್ನೇ ಮೂರು ನಾಲ್ಕು ಸಲ ಕೇಳಿಸಿ ಉಕ್ತಲೇಖನ ಬರೆಸಬೇಕು. ಓದಿದರೂ ತಪ್ಪಾದರೆ ಪದ ಅಥವಾ ವಾಕ್ಯರಚನೆ ಗೊತ್ತಿಲ್ಲ, ಅದಕ್ಕೆ ಆಡಿಯೊ ಮದ್ದಲ್ಲ. ಸಂಭಾಷಣೆಯನ್ನು ತನ್ನ ಮಾತಿನಲ್ಲಿ ಸರಿಯಾಗಿ ಹೇಳಿಯೂ ತಪ್ಪು ಆಯ್ಕೆ ಗುರುತಿಸಿದ್ದರೆ ಸೋತದ್ದು ಪ್ರಶ್ನೆಯನ್ನು ಓದುವುದರಲ್ಲಿ, ಆ 10 ಸೆಕೆಂಡಿನಲ್ಲಿ. ಮೂರಕ್ಕೂ ಸೊನ್ನೆಯೇ ಬೀಳುತ್ತದೆ. ಮದ್ದು ಮಾತ್ರ ಬೇರೆ ಬೇರೆ.

ಕೇಳುವ ಭಾಗದಲ್ಲಿ 30ಕ್ಕೆ 15 ಬಂದರೆ ಅರ್ಧ ಅರ್ಥವಾಗಿದೆ ಎನ್ನಬಹುದೇ?
— ಗಣಿತ ಶಿಕ್ಷಕರು, ಸಿರಸಿ

ನೀವು ಗಣಿತದವರು, ಉತ್ತರ ನಿಮಗೇ ಗೊತ್ತಿರಬೇಕು! ಮೂರು ಆಯ್ಕೆಯ 20 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಆರೇಳು ಸರಿಯಾಗಿ 10 ಅಂಕ ಬರುತ್ತದೆ. 15 ಅಂಕ ಎಂದರೆ 10 ಸರಿ, 10 ತಪ್ಪು. ತಪ್ಪುಗಳೆಲ್ಲ ಬರೀ ಊಹೆ ಎಂದುಕೊಂಡರೆ, ಸರಿಯಾದ ಸಂಖ್ಯೆಯಿಂದ ತಪ್ಪಿನ ಅರ್ಧ ಕಳೆಯಬೇಕು: 10ರಲ್ಲಿ 5 ಹೋದರೆ ಉಳಿದದ್ದು 5. ನಿಜಕ್ಕೂ ಕೇಳಿ ಉತ್ತರಿಸಿದ್ದು ಕಾಲುಭಾಗ. ಓದುವ ಭಾಗದ ಗದ್ಯಗಳ ಪ್ರಶ್ನೆಗೆ ನಾಲ್ಕು ಆಯ್ಕೆ ಇರುವುದರಿಂದ ಅಲ್ಲಿ ತಪ್ಪಿನ ಮೂರನೇ ಒಂದು ಭಾಗ ಕಳೆದರೆ ಸಾಕು. ಈ ಲೆಕ್ಕ ಶಿಕ್ಷಕರಿಗೆ ಮಾತ್ರ. ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಓದುವ ಭಾಗದಲ್ಲಿ 'ಏಳರಲ್ಲಿ ಐದು' ಎಂಬುದೊಂದು ಇದೆಯಂತೆ. ಏನದು?
— ಓದುಗರು, ಧಾರವಾಡ

ಓದುವ ಭಾಗದಲ್ಲಿ ಮೊದಲು ನಾಲ್ಕು ಗದ್ಯ, 15 ಪ್ರಶ್ನೆ. ಮೊದಲನೆಯದು ಸಾಮಾನ್ಯವಾಗಿ ಜಾಹೀರಾತು, ಸೂಚನಾಪತ್ರದಂಥದ್ದು, ಕೊನೆಯದು ಬಿಗಿ. ಆಮೇಲೆ ಬರುತ್ತದೆ ನೀವು ಕೇಳಿದ್ದು. ಒಂದು ಲೇಖನದಿಂದ ಐದು ವಾಕ್ಯ ಕಿತ್ತು, ಎರಡು ಸುಳ್ಳು ವಾಕ್ಯ ಬೆರೆಸಿ, ಏಳನ್ನೂ ಕೆಳಗೆ ಕೊಟ್ಟಿರುತ್ತಾರೆ. ಐದನ್ನು ಅವುಗಳ ಜಾಗಕ್ಕೆ ಕೂರಿಸಬೇಕು. ಎಲ್ಲ ಪ್ರಶ್ನೆಗೂ ಎರಡೂವರೆ ಅಂಕ. ಒಂದು ವಾಕ್ಯ ತಪ್ಪು ಜಾಗದಲ್ಲಿ ಕೂತರೆ ಅದರ ನಿಜವಾದ ಜಾಗವೂ ಬೇರೆಯವರ ಪಾಲಾಗುತ್ತದೆ, ಒಂದೇ ಏಟಿಗೆ 5 ಅಂಕ ಹೋಗುತ್ತದೆ.

ಏಳು ವಾಕ್ಯಗಳನ್ನು ಮೊದಲೇ ಅರೆದು ಕುಡಿಯಬೇಕಿಲ್ಲ. ಖಾಲಿ ಜಾಗದ ಹಿಂದುಮುಂದಿನ ವಾಕ್ಯ ನೋಡಿ. ಖಾಲಿ ಜಾಗದ ನಂತರ 'ಅವು ನೆರಳಲ್ಲಿ ನಿಧಾನವಾಗಿ ಒಣಗುತ್ತವೆ' ಎಂದಿದೆ ಎನ್ನಿ. 'ಅವು' ಎಂದರೆ ಬಹುವಚನ, ಒಣಗುವಂಥ ವಸ್ತು. ಏಳರಲ್ಲಿ 'ಎಲೆಗಳನ್ನು ಬೆಳಿಗ್ಗೆಯೇ ಕೀಳಬೇಕು' ಎಂಬುದು ಕೂರುತ್ತದೆ. 'ಮಣ್ಣು ತೇವವಾಗಿರಲಿ' ಎಂಬುದು ವಿಷಯಕ್ಕೆ ಹತ್ತಿರವಾದರೂ 'ಅವು'ಗೆ ಹೊಂದದು. ಸುಳ್ಳು ವಾಕ್ಯಗಳು ವಿಷಯಕ್ಕೆ ಹತ್ತಿರವೇ ಇರುತ್ತವೆ, ಕೊಂಡಿ ಮಾತ್ರ ಇರುವುದಿಲ್ಲ. ಖಾಲಿ ಜಾಗ ಪ್ಯಾರಾದ ತಲೆಯಲ್ಲಿದ್ದರೆ ಇಡೀ ಪ್ಯಾರಾ ಓದಿದ ಮೇಲೆಯೇ ಅದಕ್ಕೆ ಕೈ ಹಾಕಿ.

ಉಳಿದ ನಾಲ್ಕು ಗದ್ಯಗಳಲ್ಲಿ ಬಹಳ ಮಂದಿ ಎಡವುವುದು ಪದ ಹೊಂದಿಸುವ ಚಟದಿಂದ. ಗದ್ಯದಲ್ಲಿ 'ಕೆಲವು ಶಾಲೆಗಳು ತರಗತಿಯ ಹೊತ್ತಿನಲ್ಲಿ ಫೋನ್ ನಿಷೇಧಿಸಿವೆ' ಎಂದಿರುತ್ತದೆ. ಆಯ್ಕೆಯಲ್ಲಿ 'ಶಾಲೆಗಳು ಫೋನ್ ನಿಷೇಧಿಸಿವೆ'. ಪದಗಳೆಲ್ಲ ಅವೇ, 'ಕೆಲವು', 'ತರಗತಿಯ ಹೊತ್ತಿನಲ್ಲಿ' ಎರಡೂ ಮಾಯ. ಗದ್ಯದ ಪದವನ್ನೇ ಹೊತ್ತು ಬಂದ ಆಯ್ಕೆಯನ್ನು ಮೊದಲು ಅನುಮಾನಿಸಿ, ಸರಿಯುತ್ತರ ಹೆಚ್ಚಾಗಿ ಬೇರೆ ಮಾತಿನಲ್ಲಿ ಬರುತ್ತದೆ. ಸಮಯಕ್ಕೆ ನಮ್ಮ ಲೆಕ್ಕ: ಮೊದಲ ಗದ್ಯಕ್ಕೆ 5 ನಿಮಿಷ, ನಡುವಿನೆರಡಕ್ಕೆ 7ರಂತೆ, ಕೊನೆಯದಕ್ಕೆ 9, ಏಳರಲ್ಲಿ ಐದಕ್ಕೆ 7. ಅಲ್ಲಿಗೆ 35.

ಲಿಸನಿಂಗ್ ಹೊತ್ತಿನಲ್ಲಿ ವಿಮಾನ ಹಾರಾಟವನ್ನೇ ನಿಲ್ಲಿಸುತ್ತಾರೆ ಎಂದು ಓದಿದೆ. ಕಿವಿ ಕೇಳದ ಮಕ್ಕಳು ಏನು ಮಾಡಬೇಕು?
— ಓದುಗರು, ಕಾಸರಗೋಡು

ದೇಶಪೂರ್ತಿ ವಿಮಾನ ನಿಲ್ಲಿಸುವ ಆ ಸುದ್ದಿ ದಕ್ಷಿಣ ಕೊರಿಯಾದ ಪರೀಕ್ಷೆಯದ್ದು. ಚೀನಾದಲ್ಲಿ ಪರೀಕ್ಷಾ ಕೇಂದ್ರದ ಸುತ್ತ ಹಾರ್ನ್, ಕಟ್ಟಡ ಕೆಲಸಕ್ಕೆ ತಡೆ ಹಾಕುತ್ತಾರೆ. ಕಿವಿ ಕೇಳದವರು ಮೊದಲೇ ಅರ್ಜಿ ಹಾಕಿ ಕೇಳುವ ಭಾಗದಿಂದ ವಿನಾಯಿತಿ ಪಡೆಯಬಹುದು. ಆಗ ಬರಹದ 120ರಲ್ಲಿ ಬಂದದ್ದನ್ನು 150ಕ್ಕೆ ಏರಿಸುತ್ತಾರೆ: 96 ಬಂದವರಿಗೆ 120.

ಕೆಲವು ಪ್ರಾಂತಗಳಲ್ಲಿ ಎರಡು ಸಲ ಬರೆಯಬಹುದಂತೆ. ನಮ್ಮ ಪಿಯು ಪರೀಕ್ಷೆ 1, 2, 3 ಇದ್ದಂತೆಯೇ?
— ಪೋಷಕರು, ತುಮಕೂರು

ಹೆಚ್ಚುಕಡಿಮೆ ಹಾಗೇ. ಶಾಂಡಾಂಗ್‌ನಲ್ಲಿ ಕೇಳುವ ಪರೀಕ್ಷೆಗೆ ಎರಡು ಅವಕಾಶ, ಹೆಚ್ಚು ಬಂದದ್ದನ್ನು ಹಿಡಿಯುತ್ತಾರೆ. ಒಂದು ಕೆಮ್ಮು ಬಂದು ಒಂದೂವರೆ ಅಂಕ ಹೋಗಬಹುದಾದ ಪರೀಕ್ಷೆಗೆ ಇದು ನ್ಯಾಯವೇ. ತೊಂದರೆ ಇರುವುದು ಎರಡು ಪತ್ರಿಕೆಗಳ ಕಷ್ಟ ಒಂದೇ ಸಮ ಇರುವಂತೆ ನೋಡಿಕೊಳ್ಳುವುದರಲ್ಲಿ. ಝೆಜಿಯಾಂಗ್‌ನಲ್ಲಿ 2018ರ ನವೆಂಬರಿನ ಇಂಗ್ಲಿಷ್ ಪತ್ರಿಕೆ ಕಠಿಣವಾಯಿತೆಂದು ಓದುವ ಮತ್ತು ಬರೆಯುವ ಭಾಗದ ಕೆಲವು ಪ್ರಶ್ನೆಗಳ ಅಂಕವನ್ನು ಆಮೇಲೆ ಹೆಚ್ಚಿಸಿ ಕೊಟ್ಟರು. ಪೋಷಕರು ಸಿಡಿದೆದ್ದರು. ತನಿಖೆಯಾಗಿ, ಆ ತೀರ್ಮಾನವೇ ತಪ್ಪೆಂದು ಡಿಸೆಂಬರಿನಲ್ಲಿ ಮೂಲ ಅಂಕಗಳನ್ನೇ ಉಳಿಸಿದರು. ಕಷ್ಟವನ್ನು ಪರೀಕ್ಷೆಗೆ ಮುಂಚೆ ಅಳೆಯಬೇಕು. ಫಲಿತಾಂಶದ ಹೊತ್ತಿಗೆ ತಿದ್ದಲು ಹೋದರೆ ಯಾರೂ ನಂಬುವುದಿಲ್ಲ.

ಇಂಥದೊಂದು ಕಿರುಪರೀಕ್ಷೆಯನ್ನು ನಮ್ಮ ಕಾಲೇಜಿನಲ್ಲಿ ನಾವೇ ಮಾಡಬಹುದೇ? ಫೋನು, ಒಂದು ಸ್ಪೀಕರ್ ಇದೆ.
— ಇಂಗ್ಲಿಷ್ ಉಪನ್ಯಾಸಕರು, ರಾಯಚೂರು

ಸಾಕು. ಒಂದು ಗಂಡು ದನಿ, ಒಂದು ಹೆಣ್ಣು ದನಿ ಇರಲಿ. ಒಬ್ಬರೇ ಇಬ್ಬರ ಮಾತಾಡಿದರೆ ಯಾರ ಮಾತು ಯಾರದೆಂದು ತಿಳಿಯದು. ಬರೆದದ್ದನ್ನು ಓದಿದ ಹಾಗೆ ಕೇಳಿಸಬಾರದು. ರೆಕಾರ್ಡ್ ಆದ ಮೇಲೆ ಪದ ಎಣಿಸಿ ನಿಮಿಷಕ್ಕೆ ಭಾಗಿಸಿ, 120ರಿಂದ 140ರೊಳಗಿದ್ದರೆ ನಿಮ್ಮ ತರಗತಿಗೆ ಹದ.

ಒಂದು ಚುಟುಕು ಸಂಭಾಷಣೆ ಹೀಗಿರಬಹುದು. ಹೆಂಗಸು: 'ಹತ್ತೂವರೆ ರೈಲಿಗೆ ಎರಡು ಟಿಕೆಟ್ ಕೊಡಿ.' ಗಂಡಸು: 'ಅದು ಹೊರಟಾಯಿತು. ಮುಂದಿನದು ಹನ್ನೊಂದೂಕಾಲಿಗೆ, ಇವತ್ತು ಇಪ್ಪತ್ತು ನಿಮಿಷ ತಡ.' ರೈಲು ಎಷ್ಟಕ್ಕೆ ಹೊರಡುತ್ತದೆ? 10:30, 11:15, 11:35. ಮೊದಲ ಸಂಖ್ಯೆಗೇ ಜೋತುಬಿದ್ದವರು, 'ತಡ' ಎಂಬುದನ್ನು ಬಿಟ್ಟವರು, ಪೂರ್ತಿ ಕೇಳಿದವರು ಮೂರು ಕಡೆ ಬೇರೆಯಾಗುತ್ತಾರೆ. ಕೂಡುವುದು ಒಂದೇ ಸಲ ಇರಲಿ. ಎರಡು ಮೂರು ಸಲ ಕೂಡಿ ಕಳೆಯುವಂತೆ ಮಾಡಿದರೆ ನೀವು ಅಳೆದದ್ದು ನೆನಪನ್ನು, ಇಂಗ್ಲಿಷನ್ನಲ್ಲ.

ಪರೀಕ್ಷೆಗೆ ಮುಂಚೆ, ಅದನ್ನು ಬರೆಯದ ಬೇರೆ ತರಗತಿಯ ಹತ್ತು ಮಂದಿಗೆ ಆಡಿಯೊ ಇಲ್ಲದೆ ಪ್ರಶ್ನೆಪತ್ರಿಕೆ ಕೊಟ್ಟು ನೋಡಿ. ಒಂದು ಪ್ರಶ್ನೆಗೆ ಮೂರು ನಾಲ್ಕು ಮಂದಿ ಸರಿ ಹೇಳುವುದು ಸಹಜ. ಏಳೆಂಟು ಮಂದಿ ಹೇಳಿದರೆ ಉತ್ತರ ಆಯ್ಕೆಯಲ್ಲೇ ಸೋರಿದೆ, ಆ ಪ್ರಶ್ನೆ ಕಿತ್ತುಹಾಕಿ. ಪರೀಕ್ಷೆಯ ದಿನ ಮೊದಲು ಹತ್ತು ಸಂಖ್ಯೆ ಕೇಳಿಸಿ ಎಲ್ಲರಿಂದಲೂ ಬರೆಸಿ. ಕೊನೆಯ ಬೆಂಚಿನವರಷ್ಟೇ ತಪ್ಪಿದರೆ ದನಿ ಸಾಲದಿರಬಹುದು, ಇಲ್ಲವೇ ಕೊಠಡಿಯಲ್ಲಿ ಮಾರ್ದನಿ ಇರಬಹುದು: ಮಾರ್ದನಿಯಾದರೆ ದನಿ ಏರಿಸಿ ಪ್ರಯೋಜನವಿಲ್ಲ, ಸ್ಪೀಕರನ್ನು ಕೋಣೆಯ ನಡುವಿಗೆ ತನ್ನಿ.

ಆಮೇಲಿನದು ಯಾವ ಪ್ರಶ್ನೆ ಚೆನ್ನಾಗಿತ್ತು ಎಂದು ತಿಳಿಯುವ ಲೆಕ್ಕ. ತರಗತಿಯಲ್ಲಿ 52 ಮಂದಿ ಎನ್ನಿ. ಒಟ್ಟು ಅಂಕದ ಪ್ರಕಾರ ಮೇಲಿನ 14, ಕೆಳಗಿನ 14 ಉತ್ತರಹಾಳೆ ಬೇರೆಯಿಡಿ. ಶೇಕಡ 27 ಎಂಬುದು ವಾಡಿಕೆಯ ಪ್ರಮಾಣ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 12, ಕೆಳಗಿನವರಲ್ಲಿ 5 ಮಂದಿ ಸರಿಯಾಗಿದ್ದರೆ ಸುಲಭತೆ 28ಕ್ಕೆ 17, ಅಂದರೆ 0.61. ಇನ್ನು ಬೇರ್ಪಡಿಸುವ ಶಕ್ತಿ, ಅಂದರೆ ಜಾಣರನ್ನೂ ಹಿಂದುಳಿದವರನ್ನೂ ಪ್ರಶ್ನೆ ಎಷ್ಟು ಚೆನ್ನಾಗಿ ಬೇರೆ ಮಾಡುತ್ತದೆ ಎಂಬುದು: 12ಕ್ಕೂ 5ಕ್ಕೂ ಇರುವ ವ್ಯತ್ಯಾಸ 7ನ್ನು 14ರಿಂದ ಭಾಗಿಸಿದರೆ 0.5, ಒಳ್ಳೆಯ ಪ್ರಶ್ನೆ. ಇದು 0.2ಕ್ಕಿಂತ ಕೆಳಗಿಳಿದರೆ ಪ್ರಶ್ನೆಯನ್ನು ತಿದ್ದಬೇಕು. ಸೊನ್ನೆಗಿಂತ ಕೆಳಗೆ, ಅಂದರೆ ಜಾಣರೇ ಹೆಚ್ಚು ತಪ್ಪಿದ್ದರೆ, ಮೊದಲು ನಿಮ್ಮ ಉತ್ತರಸೂಚಿಯನ್ನೇ ಇನ್ನೊಮ್ಮೆ ತೆಗೆದು ನೋಡಿ.