ಸರ್ವರ್‌ಗೆ ಎರಡು ಲ್ಯಾನ್ ಕೇಬಲ್ ಹಾಕಿ ಬಾಂಡಿಂಗ್ ಮಾಡಬೇಕು. ಮೋಡ್ 1 ಒಳ್ಳೆಯದಾ, ಮೋಡ್ 4 ಒಳ್ಳೆಯದಾ?

ಎರಡು ಬೇರೆ ಬೇರೆ ಸ್ವಿಚ್ ಇದೆ, ಒಂದು ಕೇಬಲ್ ಹೋದರೂ ಸರ್ವರ್ ನಿಲ್ಲಬಾರದು, ಸ್ಪೀಡೂ ಎರಡರಷ್ಟಾದರೆ ಒಳ್ಳೇದು ಅಂತ ಕೇಳಿದ್ದೀರಿ. ಬಾಂಡಿಂಗ್ ಅಂದರೆ ಎರಡು ಕೇಬಲನ್ನು ಸೇರಿಸಿ ಒಂದೇ ಕನೆಕ್ಷನ್ ಹಾಗೆ ಬಳಸುವುದು. ಮೋಡ್ 1ರಲ್ಲಿ ಒಂದು ಕೇಬಲ್ ಕೆಲಸ ಮಾಡುತ್ತದೆ, ಇನ್ನೊಂದು ಕಾದಿರುತ್ತದೆ; ಮೋಡ್ 4ರಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. 2016ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಮೂರು ರಾತ್ರಿ ಓದಿದ್ದೆ. ಆ ಮೂರು ರಾತ್ರಿಯೂ ಮೋಡ್ ಆರಿಸುವುದರಲ್ಲೇ ಕಳೆಯಿತು. ಆಮೇಲೆ ನಮಗೆ ಕೈ ಕೊಟ್ಟಿದ್ದು ನಾನು ಬರೆಯದೇ ಬಿಟ್ಟ ಒಂದೇ ಒಂದು ಪದ.

ಆಗ ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ಬಿಲ್ಲಿಂಗ್, ಲ್ಯಾಬ್ ರಿಪೋರ್ಟ್, ಫಾರ್ಮಸಿ ಎಲ್ಲವೂ ಒಂದೇ ಸರ್ವರ್ ಮೇಲೆ. ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಇತ್ತು. ನೆಟ್‌ವರ್ಕ್‌ಮ್ಯಾನೇಜರ್ ಆಫ್ ಮಾಡಿ, ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟ್‌ಗಳಲ್ಲೇ ಬಾಂಡ್ ಮಾಡಿದೆ. ಆಪ್ಷನ್ ಸಾಲಿನಲ್ಲಿ ಮೋಡ್ ಆಕ್ಟಿವ್-ಬ್ಯಾಕಪ್ (ಅದೇ ಮೋಡ್ 1) ಅಂತ ಬರೆದೆ, ಮೊದಲ ಪೋರ್ಟನ್ನು ಪ್ರೈಮರಿ, ಅಂದರೆ ಸರಿಯಿರುವಾಗ ಇದನ್ನೇ ಬಳಸು, ಅಂದೆ. ರೀಬೂಟ್ ಆಯಿತು. ಎರಡೂ ಪೋರ್ಟಿನಲ್ಲಿ ಹಸಿರು ಲೈಟ್. ಬಾಂಡ್‌ನ ಸ್ಟೇಟಸ್ ಫೈಲ್ ತೆರೆದರೆ ಎರಡಕ್ಕೂ 'ಅಪ್' ಅಂತ ಇತ್ತು. ಕೆಲಸ ಮುಗೀತು ಅಂತ ಮನೆಗೆ ಹೋದೆ. ಒಂದು ಕೇಬಲ್ ಕಿತ್ತು ನೋಡಬೇಕು ಅನ್ನಿಸಲೇ ಇಲ್ಲ.

ಏಳೆಂಟು ತಿಂಗಳಾದ ಮೇಲೆ, ಒಂದು ಸೋಮವಾರ ಬೆಳಗ್ಗೆ. ಒಪಿಡಿಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಾ ಕೌಂಟರಿನಲ್ಲೂ ಸ್ಕ್ರೀನ್ ನಿಂತುಹೋಯಿತು. ಬಿಲ್ಲನ್ನು ಕೈಯಲ್ಲಿ ಬರೆಯಲು ಶುರು ಮಾಡಿದರು. ಲ್ಯಾಬಿನ ಹುಡುಗರು ರಿಪೋರ್ಟನ್ನು ಚೀಟಿಯಲ್ಲಿ ಬರೆದುಕೊಂಡು ವಾರ್ಡಿಗೆ ಓಡುತ್ತಿದ್ದರು. ನಾನು ಸರ್ವರ್ ರೂಮಿನಲ್ಲಿ ಸ್ಟೇಟಸ್ ಫೈಲ್ ತೆರೆದೆ. ಎರಡೂ ಪೋರ್ಟ್ ಅಪ್. ಲಿಂಕ್ ಫೇಲ್ಯೂರ್ ಕೌಂಟ್ ಸೊನ್ನೆ. ಹಾಗಾದರೆ ಸರ್ವರ್ ಕಡೆ ತೊಂದರೆ ಇಲ್ಲ ಅಂತ ತೀರ್ಮಾನಿಸಿದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಫೈರ್‌ವಾಲ್ ನೋಡಿದೆ. ಒಂದೇ ಐಪಿ ವಿಳಾಸ ಎರಡು ಯಂತ್ರಕ್ಕೆ ಬಿದ್ದು ಡಿಕ್ಕಿ ಹೊಡೀತಿದೆಯಾ ಹುಡುಕಿದೆ. ಕೊನೆಗೆ ಸರ್ವರನ್ನೇ ರೀಬೂಟ್ ಮಾಡಿದೆ. ಏನೂ ಬದಲಾಗಲಿಲ್ಲ. ಹತ್ತಿರ ಹತ್ತಿರ ಎರಡು ಗಂಟೆ ಹೋಯಿತು.

ಜೊತೆಗೆ ನಿಂತಿದ್ದ ಎಲೆಕ್ಟ್ರಿಷಿಯನ್ ಹಿಂದಿನಿಂದ ಟಾರ್ಚ್ ಬಿಟ್ಟು ಕೇಳಿದ: "ಅಣ್ಣಾ, ಈ ಪೋರ್ಟಿನ ಲೈಟ್ ಯಾಕೆ ಉರೀತಿಲ್ಲ?" ಬಗ್ಗಿ ನೋಡಿದೆ. ಕೇಬಲ್ ಪೋರ್ಟಿನೊಳಗೇ ಕೂತಿತ್ತು. ಆದರೆ ಕನೆಕ್ಟರಿನ ಪ್ಲಾಸ್ಟಿಕ್ ಕ್ಲಿಪ್ ಮುರಿದುಹೋಗಿತ್ತು. ಬೆಳಗ್ಗೆ ಕಸ ಗುಡಿಸುವಾಗ ರ‍್ಯಾಕ್ ಅಲುಗಾಡಿ, ಒಂದು ಅಕ್ಕಿಕಾಳಿನಷ್ಟು ಹೊರಗೆ ಸರಿದಿತ್ತು. ಬೆರಳಲ್ಲಿ ಒತ್ತಿದೆ. ಲೈಟ್ ಬಂತು, ಪಿಂಗ್‌ಗೆ (ಯಂತ್ರ ಉತ್ತರಿಸುತ್ತಿದೆಯಾ ಅಂತ ಕೇಳುವ ಕಮಾಂಡ್) ಉತ್ತರವೂ ಬಂತು. ಇಷ್ಟು ಹೊತ್ತೂ ಎರಡನೇ ಕೇಬಲ್ ಪಕ್ಕದಲ್ಲೇ ಹಸಿರು ಲೈಟ್ ಉರಿಸಿಕೊಂಡು ಸುಮ್ನೆ ಕೂತಿತ್ತು.

ಯಾಕೆ ಹೀಗಾಯಿತು ಅನ್ನುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಲಿನಕ್ಸ್‌ನ ಬಾಂಡಿಂಗ್ ಡ್ರೈವರ್‌ಗೆ 'ಕೇಬಲ್ ಇದೆಯಾ ಅಂತ ಆಗಾಗ ನೋಡುತ್ತಿರು' ಅಂತ ನಾವೇ ಹೇಳಬೇಕು. ಆ ಆಪ್ಷನ್ ಹೆಸರು ಎಂಐಐಮಾನ್. ಎಷ್ಟು ಮಿಲಿಸೆಕೆಂಡಿಗೊಮ್ಮೆ ನೋಡಬೇಕು ಅನ್ನುವ ಸಂಖ್ಯೆ ಅದು. 100 ಅಂದರೆ ಸೆಕೆಂಡಿಗೆ ಹತ್ತು ಸಲ. 0 ಅಂದರೆ ನೋಡಲೇಬೇಡ ಅಂತ. ನಾನು ಬರೆಯಲಿಲ್ಲ, ಅದು 0 ಆಗಿಯೇ ಉಳಿಯಿತು. ನೋಡುವವರು ಯಾರೂ ಇಲ್ಲದಿದ್ದರೆ ಡ್ರೈವರ್ ಪ್ರತಿ ಪೋರ್ಟನ್ನೂ ಸರಿಯಾಗಿದೆ ಅಂತಲೇ ಅಂದುಕೊಳ್ಳುತ್ತದೆ. ಅಂದರೆ ನಾನು ಓದಿದ 'ಅಪ್' ಯಾರೂ ಪರೀಕ್ಷೆ ಮಾಡದೆ ಬರೆದ 'ಅಪ್'. ರೀಬೂಟ್ ಮಾಡಿದರೂ ಅದೇ ಸತ್ತ ಪ್ರೈಮರಿ ಪೋರ್ಟನ್ನೇ ಆರಿಸಿಕೊಂಡಿತು. ಅದೇ ಫೈಲಿನಲ್ಲಿ, ಪೋರ್ಟ್‌ಗಳ ವಿವರಕ್ಕಿಂತ ಮೇಲೆ, ಪೋಲಿಂಗ್ ಇಂಟರ್ವಲ್ (ಅದೇ ಎಂಐಐಮಾನ್ ಸಂಖ್ಯೆ) 0 ಅಂತ ಇತ್ತು. ಆ ಸಾಲಿನ ಮೇಲೆ ಎಷ್ಟು ಸಲ ಕಣ್ಣು ಹಾಯಿಸಿದ್ದೆನೋ. ಇಥ್‌ಟೂಲ್ ಅನ್ನುವ ಕಮಾಂಡಿನಲ್ಲಿ ಪೋರ್ಟನ್ನು ಕೇಳಿದ್ದರೆ ಲಿಂಕ್ ಇಲ್ಲ ಅಂತ ಒಂದೇ ಏಟಿಗೆ ಹೇಳಿರುತ್ತಿತ್ತು.

ಲಿನಕ್ಸ್‌ನ ಹೊಸ ಕರ್ನೆಲ್‌ಗಳು (ಸಿಸ್ಟಮ್‌ನ ತಿರುಳು) ಕೆಲವು ಮೋಡ್‌ಗಳಲ್ಲಿ ತಾವೇ 100 ಹಾಕಿಕೊಳ್ಳುತ್ತವೆ. ಅದನ್ನು ನಂಬಿ ಕೂರಬೇಡಿ. ಉಬುಂಟುವಿನಲ್ಲಿ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್‌ನಲ್ಲಿ ಇದರ ಹೆಸರು ಎಂಐಐ-ಮಾನಿಟರ್-ಇಂಟರ್ವಲ್. ಕೈಯಾರೆ ಬರೆಯಿರಿ, ಸ್ಟೇಟಸ್ ಫೈಲಿನಲ್ಲಿ 100 ಬಂದಿದೆಯಾ ಅಂತ ಕಣ್ಣಾರೆ ನೋಡಿ.

ಇನ್ನು ನಿಮ್ಮ ಮೋಡ್ ಪ್ರಶ್ನೆ. ಮೋಡ್ 4 ಮರೆತುಬಿಡಿ. ಅದಕ್ಕೆ ಎರಡೂ ಸ್ವಿಚ್ ಒಂದೇ ಸ್ವಿಚ್ಚಿನ ಹಾಗೆ ನಡೆದುಕೊಳ್ಳಬೇಕು, ಅಂದರೆ ಸ್ಟ್ಯಾಕ್ ಆಗಿ ಜೋಡಿಸಿರಬೇಕು ಅಥವಾ ಎರಡು ಸ್ವಿಚ್ಚನ್ನು ಹಾಗೆ ಒಂದಾಗಿ ತೋರಿಸುವ ಎಂಲ್ಯಾಗ್ ಸೌಲಭ್ಯ ಬೇಕು. ನಿಮ್ಮವು ಬೇರೆ ಬೇರೆ. ಸ್ಪೀಡಿನ ಆಸೆಯೂ ನೀವಂದುಕೊಂಡ ಹಾಗಲ್ಲ. ಮೋಡ್ 4ರಲ್ಲೂ ಒಂದು ಕನೆಕ್ಷನ್ ಒಂದೇ ಕೇಬಲ್ ಮೇಲೆ ಹೋಗುತ್ತದೆ, ಒಂದು ದೊಡ್ಡ ಬ್ಯಾಕಪ್ ಫೈಲ್ ಕಳಿಸಿದರೆ ಒಂದು ಪೋರ್ಟಿನ 1 ಗಿಗಾಬಿಟ್‌ಗಿಂತ ಜಾಸ್ತಿ ಸಿಗದು. ಸ್ಪೀಡ್ ಬೇಕಿದ್ದರೆ 10 ಗಿಗಾಬಿಟ್ ಕಾರ್ಡ್ ತೆಗೆದುಕೊಳ್ಳಿ. ನಿಲ್ಲಬಾರದು ಅನ್ನುವುದು ಬೇರೆ ಕೆಲಸ, ಅದಕ್ಕೆ ಮೋಡ್ 1 ಸಾಕು.

ಎಂಐಐಮಾನ್ ನೋಡುವುದು ಪಕ್ಕದ ಸ್ವಿಚ್ಚಿನವರೆಗೆ ಮಾತ್ರ. ಆ ಸ್ವಿಚ್ಚಿನಿಂದ ಮುಂದಿನ ದಾರಿ ಸತ್ತರೆ ಲೈಟ್ ಉರಿಯುತ್ತಲೇ ಇರುತ್ತದೆ. ನಿಮ್ಮಲ್ಲಿ ಆ ಭಯ ಇದ್ದರೆ ಅದರ ಬದಲು ಎಆರ್‌ಪಿ ಮಾನಿಟರಿಂಗ್ ಹಾಕಿ; ಅದು ನೀವು ಕೊಟ್ಟ ಐಪಿಯ ಯಂತ್ರವನ್ನು 'ಇದ್ದೀಯಾ' ಅಂತ ಆಗಾಗ ವಿಚಾರಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಾರದು. ವಿಚಾರಿಸಲು ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ಯಂತ್ರ) ಒಂದನ್ನೇ ಕೊಡದೆ, ಯಾವಾಗಲೂ ಆನ್ ಇರುವ ಇನ್ನೊಂದು ಯಂತ್ರದ ಐಪಿಯನ್ನೂ ಕೊಡಿ.

ಮತ್ತೊಂದು. ಸ್ವಿಚ್ ಆನ್ ಆದ ಕೂಡಲೇ ಲೈಟ್ ಬರುತ್ತದೆ, ಆದರೆ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೋರ್ಟ್ 30 ಸೆಕೆಂಡ್ ಡೇಟಾ ಬಿಡುವುದಿಲ್ಲ. ಲೈಟ್ ಕಂಡಿತು ಅಂತ ಬಾಂಡ್ ಪ್ರೈಮರಿಗೆ ವಾಪಸ್ ಓಡಿದರೆ ಮತ್ತೆ ನಿಲ್ಲುತ್ತದೆ. ಲೈಟ್ ಬಂದ ಮೇಲೆ ಎಷ್ಟು ಮಿಲಿಸೆಕೆಂಡ್ ಕಾಯಬೇಕು ಅನ್ನುವ ಅಪ್‌ಡಿಲೇ ಆಪ್ಷನ್‌ಗೆ 40000 ಕೊಡಿ, ಇಲ್ಲವೇ ಪ್ರೈಮರಿ ಅಂತ ಹೇಳಲೇಬೇಡಿ.

ಎರಡೂ ಸ್ವಿಚ್ಚಿನ ಪ್ಲಗ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇದೆಯಾ ಅಂತಲೂ ನೋಡಿ. ನಮ್ಮದು ಹಾಗೇ ಇತ್ತು.

ಎಲ್ಲಾ ಹಾಕಿದ ಮೇಲೆ ಒಂದು ಭಾನುವಾರ ಕೂತು ಪರೀಕ್ಷೆ ಮಾಡಿ. ಬೇರೊಂದು ಕಂಪ್ಯೂಟರಿನಿಂದ ಪಿಂಗ್ ಹಾಕಿಟ್ಟು ಮೊದಲ ಕೇಬಲನ್ನು ಕೈಯಲ್ಲಿ ಎಳೆಯಿರಿ. ಕಮಾಂಡ್ ಕೊಟ್ಟು ಪೋರ್ಟ್ ಡೌನ್ ಮಾಡಿದರೆ ಅದು ಈ ಪರೀಕ್ಷೆ ಆಗುವುದಿಲ್ಲ. ಒಂದೆರಡು ಪಿಂಗ್ ತಪ್ಪಿದರೆ ಸರಿ. ಅದನ್ನು ವಾಪಸ್ ಹಾಕಿ, ಒಂದು ನಿಮಿಷ ಬಿಟ್ಟು ಎರಡನೆಯದನ್ನು ಎಳೆಯಿರಿ. ಆಮೇಲೆ ಒಂದೊಂದೇ ಸ್ವಿಚ್ಚಿನ ಪವರ್ ತೆಗೆದು ನೋಡಿ. ಹಾಗೆ ಕೇಬಲ್ ಹಿಡಿದಾಗ ಕ್ಲಿಪ್ ಮುರಿದದ್ದು ಕಂಡರೆ ಅಲ್ಲೇ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಬಿಡಿ, ಐದು ನಿಮಿಷದ ಕೆಲಸ.